ವಿದೇಶಕ್ಕೆ ಉಡುಗೊರೆ: ಸುಂಕ ಎಷ್ಟು, ಕಟ್ಟುವವರು ಯಾರು?

ಜಯನಗರವಾಸಿ:

ದೀಪಾವಳಿಯ ಹೊತ್ತಿಗೆ ತಲುಪುವಂತೆ ಮೂರು ದೇಶಗಳಿಗೆ ಉಡುಗೊರೆ ಕಳುಹಿಸಬೇಕಾಗಿದೆ. ಬ್ರಿಟನ್ನಿನಲ್ಲಿರುವ ಮಗಳಿಗೆ ಮೈಸೂರು ರೇಷ್ಮೆ ಸೀರೆ, ಅಮೆರಿಕದಲ್ಲಿರುವ ತಮ್ಮನ ಮನೆಯ ನಾಲ್ವರಿಗೂ ಒಂದೊಂದು ಸಾಮಾನು, ಜರ್ಮನಿಯಲ್ಲಿ ಓದುತ್ತಿರುವ ಸೋದರಳಿಯನಿಗೆ ಕಾಫಿ ಪುಡಿ, ಕೆಲವು ಕನ್ನಡ ಪುಸ್ತಕಗಳು ಮತ್ತು ಅವನು ಬಾಯಿಬಿಟ್ಟು ಕೇಳಿದ ಧಾರವಾಡ ಪೇಡಾ. ವಿಚಾರಿಸಲು ಹೊರಟರೆ ಒಬ್ಬೊಬ್ಬರದೂ ಒಂದೊಂದು ಮಾತು. ‘ಗಿಫ್ಟ್’ ಎಂದು ಬರೆದುಬಿಟ್ಟರೆ ಸುಂಕವೇ ಬೀಳುವುದಿಲ್ಲ ಎನ್ನುವವರಿದ್ದಾರೆ. ಏನೇ ಬರೆದರೂ ಅಲ್ಲಿಯವರು ಸುಂಕ ಹಾಕದೆ ಬಿಡುವುದಿಲ್ಲ ಎನ್ನುವವರೂ ಇದ್ದಾರೆ. ಹಬ್ಬದ ಉಡುಗೊರೆಯನ್ನು ಬಿಡಿಸಿಕೊಳ್ಳಲು ಮಗಳೇ ಹಣ ಕಟ್ಟುವಂತಾಗಬಾರದು ಎಂಬುದು ನನ್ನ ಆಸೆ. ಈ ಕೆಲಸದಲ್ಲಿ ಅನುಭವವುಳ್ಳವರು ಸ್ವಲ್ಪ ವಿವರವಾಗಿ ತಿಳಿಸಬೇಕಾಗಿ ವಿನಂತಿ.

ನಿವೃತ್ತ ಅಂಚೆ ನೌಕರ, ಮಲ್ಲೇಶ್ವರ:

ತಾವು ಕೇಳಿದ ಎರಡು ಮಾತುಗಳಲ್ಲೂ ಅರ್ಧ ಸತ್ಯವಿದೆ. ಸುಂಕವನ್ನು ವಿಧಿಸುವುದು ನಮ್ಮ ಸರ್ಕಾರವಲ್ಲ, ಪಾರ್ಸೆಲ್ ಹೋಗಿ ಸೇರುವ ದೇಶದ ಸರ್ಕಾರ. ಆದ್ದರಿಂದ ಎಲ್ಲ ದೇಶಗಳಿಗೂ ಹೊಂದುವ ಒಂದೇ ಉತ್ತರವನ್ನು ಯಾರೂ ಕೊಡಲಾರರು. ಬಹುತೇಕ ದೇಶಗಳು ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಪ್ರತಿಫಲವಿಲ್ಲದೆ ಕಳುಹಿಸುವ ಉಡುಗೊರೆಗೆ ಒಂದು ಮಿತಿಯವರೆಗೆ ವಿನಾಯಿತಿ ಕೊಟ್ಟಿವೆ. ಆ ಮಿತಿ ಬ್ರಿಟನ್ನಿನಲ್ಲಿ 39 ಪೌಂಡ್, ಐರೋಪ್ಯ ಒಕ್ಕೂಟದಲ್ಲಿ 45 ಯೂರೋ, ಅಮೆರಿಕದಲ್ಲಿ 100 ಡಾಲರ್, ಕೆನಡಾದಲ್ಲಿ 60 ಕೆನಡಿಯನ್ ಡಾಲರ್. ಮಿತಿಯ ಒಳಗಿದ್ದರೆ ಗಿಫ್ಟ್ ಎಂಬ ಗುರುತಿಗೆ ಬೆಲೆಯಿದೆ. ಮಿತಿ ಮೀರಿದರೆ ಆ ಗುರುತೊಂದೇ ಸುಂಕವನ್ನು ತಡೆಯಲಾರದು.

ಇನ್ನು ಕಾಗದಪತ್ರದ ವಿಚಾರ. ಅಂಚೆಯ ಮೂಲಕ ಹೋಗುವ ಪ್ರತಿಯೊಂದು ಸಾಮಾನಿಗೂ ಕಸ್ಟಮ್ಸ್ ಘೋಷಣಾ ಪತ್ರ ಬೇಕು. ಸಣ್ಣ ಪೊಟ್ಟಣಗಳಿಗೆ ಸಿಎನ್ 22, ಹೆಚ್ಚಿನ ಬೆಲೆಯವಕ್ಕೂ ಪಾರ್ಸೆಲ್‌ಗಳಿಗೂ ಸಿಎನ್ 23. ಇವು ವಿಶ್ವ ಅಂಚೆ ಒಕ್ಕೂಟ ನಿಗದಿಪಡಿಸಿದ ನಮೂನೆಗಳಾದ್ದರಿಂದ ಬೆಂಗಳೂರಿನಲ್ಲಿ ತುಂಬಿದ್ದನ್ನು ಬರ್ಲಿನ್ನಿನ ಅಧಿಕಾರಿಯೂ ಅದೇ ಕ್ರಮದಲ್ಲಿ ಓದುತ್ತಾರೆ. ನಾನು ಕೌಂಟರಿನಲ್ಲಿ ಕುಳಿತಿದ್ದ ಕಾಲದಿಂದಲೂ ನೋಡುತ್ತ ಬಂದಿರುವ ದೊಡ್ಡ ತೊಡಕು, ಜನ ವಿವರದ ಅಂಕಣದಲ್ಲಿ ಬರೀ ‘ಗಿಫ್ಟ್’ ಎಂದೋ ‘ಮನೆ ಸಾಮಾನು’ ಎಂದೋ ಬರೆದು ಕೈತೊಳೆದುಕೊಳ್ಳುವುದು. ಗಿಫ್ಟ್ ಎಂಬುದಕ್ಕೆ ಪ್ರತ್ಯೇಕ ಚೌಕವಿದೆ, ಅಲ್ಲಿ ಗುರುತು ಹಾಕಬೇಕು. ವಿವರದ ಅಂಕಣದಲ್ಲಿ ‘ರೇಷ್ಮೆ ಸೀರೆ, ಒಂದು’, ‘ಮರದ ಆಟಿಕೆ, ಎರಡು’ ಎಂದು ಸಾಮಾನನ್ನೇ ಹೆಸರಿಸಿ, ಇಂಗ್ಲಿಷಿನಲ್ಲಿ ಪ್ರತಿಯೊಂದರ ತೂಕ, ಬೆಲೆ, ತಯಾರಾದ ದೇಶವನ್ನು ಬರೆಯಬೇಕು. ಈ ವಿವರ ಈಗ ವಿದ್ಯುನ್ಮಾನ ರೂಪದಲ್ಲಿ ಪಾರ್ಸೆಲ್‌ಗಿಂತ ಮೊದಲೇ ಆ ದೇಶ ತಲುಪುತ್ತದೆ. ಅಲ್ಲಿ ಅಸ್ಪಷ್ಟವಾಗಿ ಕಂಡದ್ದು ಪೆಟ್ಟಿಗೆಯನ್ನು ತೆರೆದು ನೋಡುವುದಕ್ಕೆ ಕಾರಣವಾಗುತ್ತದೆ.

ಬಸವನಗುಡಿ ಓದುಗ:

ಬ್ರಿಟನ್ನಿನ ಲೆಕ್ಕವನ್ನು ನಾನು ಹೇಳುತ್ತೇನೆ, ಏಕೆಂದರೆ ಮೂಲ ಪ್ರಶ್ನೆ ಕೇಳಿದವರ ಸೀರೆ 39 ಪೌಂಡ್‌ನೊಳಗೆ ಬರುವ ಸಾಧ್ಯತೆ ಇಲ್ಲ. ಆ ಮಿತಿ ನಮ್ಮ ಹಣದಲ್ಲಿ ನಾಲ್ಕೂವರೆ ಸಾವಿರ ರೂಪಾಯಿಯ ಆಸುಪಾಸಿನದು.

ಅಲ್ಲಿ ಮೂರು ಹಂತಗಳಿವೆ. 39 ಪೌಂಡ್‌ವರೆಗೆ ಏನೂ ಇಲ್ಲ. ಅದರಿಂದ ಮೇಲೆ 135 ಪೌಂಡ್‌ವರೆಗೆ ಕಸ್ಟಮ್ಸ್ ಸುಂಕವಿಲ್ಲ, ಆದರೆ ಶೇ. 20ರ ವ್ಯಾಟ್ (ನಮ್ಮ ಜಿಎಸ್‌ಟಿಯಂಥ ತೆರಿಗೆ) ಇದೆ. 135ರಿಂದ 630 ಪೌಂಡ್‌ವರೆಗಿನ ಉಡುಗೊರೆಗೆ ಶೇ. 2.5ರ ಏಕರೂಪದ ಸುಂಕ, ಅದರ ಮೇಲೆ ವ್ಯಾಟ್. 200 ಪೌಂಡ್ ಬೆಲೆಯ ಸೀರೆಯನ್ನು 20 ಪೌಂಡ್ ವೆಚ್ಚದಲ್ಲಿ ಸ್ಪೀಡ್ ಪೋಸ್ಟ್ ಮಾಡಿದಿರಿ ಎಂದಿಟ್ಟುಕೊಳ್ಳಿ. ಸುಂಕವನ್ನು 220 ಪೌಂಡ್ ಮೇಲೆ ಹಾಕುತ್ತಾರೆ, ಅದು ಐದೂವರೆ ಪೌಂಡ್. ಆ ಸುಂಕವೂ ಸೇರಿದ 225.50 ಪೌಂಡ್ ಮೇಲೆ ವ್ಯಾಟ್ 45.10 ಪೌಂಡ್. ಒಟ್ಟು 50.60 ಪೌಂಡ್. ಸೀರೆಯ ಬೆಲೆಯ ಕಾಲು ಭಾಗ! ಇದಲ್ಲದೆ, ಸುಂಕವನ್ನು ವಸೂಲು ಮಾಡಿಕೊಡುವ ಅಂಚೆ ಅಥವಾ ಕೊರಿಯರ್ ಸಂಸ್ಥೆ ತನ್ನದೊಂದು ನಿರ್ವಹಣಾ ಶುಲ್ಕವನ್ನು ಸೇರಿಸುತ್ತದೆ. ಸುಂಕ ಚಿಕ್ಕದು, ವ್ಯಾಟ್ ದೊಡ್ಡದು ಎಂಬುದನ್ನು ಗಮನಿಸಿ. ನಮ್ಮಲ್ಲಿ ಎಲ್ಲರೂ ಸುಂಕದ ಬಗ್ಗೆಯೇ ಕೇಳುತ್ತಾರೆ, ವ್ಯಾಟ್ ಬಗ್ಗೆ ಕೇಳುವವರು ಕಡಿಮೆ.

ಇನ್ನೊಂದು ಸಂಗತಿ. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಉಡುಗೊರೆಯ ಮಿತಿಯನ್ನು ದಾಟಿದರೆ ಪೂರ್ತಿ ಬೆಲೆಯ ಮೇಲೆ ತೆರಿಗೆ ಲೆಕ್ಕವಾಗುತ್ತದೆ. ಕೆನಡಾದಲ್ಲಿ 60 ಡಾಲರ್‌ಗಿಂತ ಹೆಚ್ಚಾದ ಭಾಗಕ್ಕೆ ಮಾತ್ರ. ಇದು ಸಣ್ಣ ವ್ಯತ್ಯಾಸವಲ್ಲ.

ರಾಜಾಜಿನಗರ 3ನೇ ಬ್ಲಾಕ್:

ಇಷ್ಟೆಲ್ಲ ಲೆಕ್ಕ ಏಕೆ? ನಮ್ಮ ಬಡಾವಣೆಯಲ್ಲಿ ಎಲ್ಲರೂ ಸೀರೆಗೆ ಎರಡು ಸಾವಿರ ರೂಪಾಯಿ ಎಂದು ಬರೆದು ಕಳುಹಿಸುತ್ತಾರೆ, ಯಾರಿಗೂ ತೊಂದರೆಯಾದದ್ದನ್ನು ನಾನು ಕೇಳಿಲ್ಲ.

ಸರಕು ವಿಭಾಗದಲ್ಲಿ ಕೆಲಸ, ದೇವನಹಳ್ಳಿ:

ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ವಿಮಾನ ನಿಲ್ದಾಣದ ಸರಕು ವ್ಯವಹಾರದಲ್ಲಿ ದುಡಿಯುವವನಾಗಿ ಇದನ್ನು ಒತ್ತಿ ಹೇಳುತ್ತೇನೆ. ಘೋಷಣಾ ಪತ್ರದ ಕೆಳಗೆ ತಾವು ಹಾಕುವ ಸಹಿ, ಬರೆದದ್ದೆಲ್ಲ ನಿಜವೆಂಬ ಪ್ರಮಾಣ. ಜರಿಯಂಚಿನ ರೇಷ್ಮೆ ಸೀರೆ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಅಧಿಕಾರಿಗಳು ಅಂತರಜಾಲದಲ್ಲಿ ಕ್ಷಣಮಾತ್ರದಲ್ಲಿ ನೋಡಬಲ್ಲರು. ಅನುಮಾನ ಬಂದರೆ ಬಿಲ್ ಕೇಳುತ್ತಾರೆ, ಬೆಲೆಯನ್ನು ತಾವೇ ನಿರ್ಧರಿಸುತ್ತಾರೆ, ಸುಳ್ಳು ಘೋಷಣೆಯೆಂದು ವಶಪಡಿಸಿಕೊಳ್ಳುವ ಅಧಿಕಾರವೂ ಅವರಿಗಿದೆ. ಈ ಎಲ್ಲ ಪತ್ರವ್ಯವಹಾರ ಬೀಳುವುದು ಕಳುಹಿಸಿದವರ ಮೇಲಲ್ಲ, ಆ ದೇಶದಲ್ಲಿ ವೀಸಾದ ಮೇಲೆ ಬದುಕುತ್ತಿರುವ ಮಕ್ಕಳ ಮೇಲೆ. ಅದೂ ಅಲ್ಲದೆ ಪಾರ್ಸೆಲ್ ಕಳೆದುಹೋದರೆ ವಿಮೆಯ ಪರಿಹಾರ ಘೋಷಿಸಿದ ಬೆಲೆಯನ್ನು ಮೀರುವುದಿಲ್ಲ. ಇಪ್ಪತ್ತೈದು ಸಾವಿರದ ಸೀರೆಗೆ ಎರಡು ಸಾವಿರವೆಂದು ಬರೆದವರಿಗೆ ಎರಡು ಸಾವಿರವೇ ಸಿಗುತ್ತದೆ.

ಬೆಲೆಯನ್ನು ಸೊನ್ನೆ ಎಂದು ಬರೆಯುವುದೂ ಸರಿಯಲ್ಲ. ಉಡುಗೊರೆಗೆ ಹಣ ಪಡೆದಿಲ್ಲ ನಿಜ, ಆದರೆ ಸಾಮಾನಿಗೆ ಮಾರುಕಟ್ಟೆಯಲ್ಲಿ ಬೆಲೆ ಇದ್ದೇ ಇದೆ. ಅಜ್ಜಿಯ ಹಳೆಯ ಸೀರೆಯಾದರೆ ಬಳಸಿದ ಬಟ್ಟೆ ಎಂದು ನಮೂದಿಸಿ, ಇಂದು ಅದಕ್ಕೆ ಬರಬಹುದಾದ ನ್ಯಾಯವಾದ ಬೆಲೆಯನ್ನು ಬರೆಯಬಹುದು. ಅದರಲ್ಲಿ ತಪ್ಪೇನೂ ಇಲ್ಲ.

ನಮ್ಮ ಕಡೆಯ ಕಾನೂನು ಉದಾರವಾಗಿದೆ. ವಿದೇಶ ವ್ಯಾಪಾರ ನೀತಿಯ ಪ್ರಕಾರ ಒಂದು ವರ್ಷದಲ್ಲಿ 5 ಲಕ್ಷ ರೂಪಾಯಿ ಮೀರದ ಸಾಮಾನುಗಳನ್ನು, ತಿನಿಸುಗಳೂ ಸೇರಿದಂತೆ, ಉಡುಗೊರೆಯಾಗಿ ಹೊರಗೆ ಕಳುಹಿಸಬಹುದು. ವ್ಯಾಪಾರದ ಸಂಬಂಧವಿಲ್ಲದ ಸ್ವಂತ ರವಾನೆಗೆ ರಫ್ತುದಾರರ ಸಂಕೇತ ಸಂಖ್ಯೆಯೂ ಬೇಕಿಲ್ಲ, ಗುರುತಿನ ಚೀಟಿ ಸಾಕು. ರಫ್ತಿಗೆ ನಿರ್ಬಂಧವಿರುವ ವಸ್ತುಗಳಿಗೆ ಮಾತ್ರ ಈ ಸೌಲಭ್ಯವಿಲ್ಲ.

ನ್ಯೂಜೆರ್ಸಿ ಕನ್ನಡಿಗ (ಮೂಲ ವಿಜಯನಗರ):

ಪಡೆಯುವವರ ಕಡೆಯಿಂದ ಅಮೆರಿಕದ ಸ್ಥಿತಿಯನ್ನು ಹೇಳಬೇಕು, ಏಕೆಂದರೆ ಇಲ್ಲಿಯ ನಿಯಮ ಬದಲಾದದ್ದು ಊರಿನಲ್ಲಿರುವ ಹಿರಿಯರಲ್ಲಿ ಅನೇಕರಿಗೆ ಇನ್ನೂ ತಲುಪಿಲ್ಲ. ಮೊದಲು 800 ಡಾಲರ್‌ವರೆಗಿನ ಯಾವುದೇ ಪಾರ್ಸೆಲ್ ಸುಂಕವಿಲ್ಲದೆ ಒಳಬರುತ್ತಿತ್ತು. ಹೀಗಾಗಿ ಅಮ್ಮ ಕಳುಹಿಸಿದ ಪೆಟ್ಟಿಗೆಗೆ ಬೆಲೆ ಎಷ್ಟೆಂದು ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಪಾರ್ಸೆಲ್‌ಗಳಿಗೂ ಆ ವಿನಾಯಿತಿಯನ್ನು ನಿಲ್ಲಿಸಲಾಯಿತು. ಉಳಿದದ್ದು 100 ಡಾಲರ್‌ವರೆಗಿನ ನಿಜವಾದ ಉಡುಗೊರೆಯ ವಿನಾಯಿತಿ ಮಾತ್ರ.

ಭಾರತೀಯ ಅಂಚೆ ಅದೇ ಆಗಸ್ಟ್ ತಿಂಗಳ 25ರಿಂದ ಅಮೆರಿಕಕ್ಕೆ ಹೋಗುವ ಬಹುತೇಕ ಸಾಮಾನುಗಳ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿತು. ಆಗ ಬಂದ ಮುಖ್ಯ ಬದಲಾವಣೆಯೆಂದರೆ, ಸುಂಕವಿರುವ ಪಾರ್ಸೆಲ್‌ಗಳಿಗೆ ಆ ಹಣವನ್ನು ಬುಕಿಂಗ್ ಸಮಯದಲ್ಲಿಯೇ ಕಳುಹಿಸುವವರಿಂದ ಪಡೆದು ಇಲ್ಲಿಗೆ ಜಮಾ ಮಾಡುವ ಪದ್ಧತಿ. ಪಡೆಯುವವರಿಗೆ ಹೊರೆಯಾಗಬಾರದು ಎಂದು ಚಿಂತಿಸುವ ತಂದೆತಾಯಿಯರಿಗೆ ಇದು ಒಂದು ರೀತಿಯಲ್ಲಿ ಅನುಕೂಲವೇ. ಕೌಂಟರಿನಲ್ಲಿ ಎಷ್ಟು ಎಂದು ತಿಳಿದು, ಬೇಕೋ ಬೇಡವೋ ಎಂದು ಅಲ್ಲಿಯೇ ತೀರ್ಮಾನಿಸಬಹುದು. ದರಗಳು ರಾಜಕೀಯ ತೀರ್ಮಾನಗಳ ಜೊತೆ ಬದಲಾಗುತ್ತಿರುವುದರಿಂದ ಕಳೆದ ವರ್ಷದ ರಸೀದಿಯನ್ನು ನಂಬದೆ, ಕಳುಹಿಸುವ ದಿನದ ದರವನ್ನೇ ಕೇಳಿ.

ನಾಲ್ವರಿಗೆ ಒಂದೇ ಪೆಟ್ಟಿಗೆ ಕಳುಹಿಸುವವರಿಗೆ ಒಂದು ನ್ಯಾಯಸಮ್ಮತ ದಾರಿಯಿದೆ. 100 ಡಾಲರ್ ಎಂಬುದು ಒಬ್ಬ ವ್ಯಕ್ತಿಗೆ ಒಂದು ದಿನಕ್ಕೆ ಇರುವ ಮಿತಿ. ಪ್ರತಿಯೊಬ್ಬರ ಉಡುಗೊರೆಯನ್ನೂ ಬೇರೆ ಬೇರೆಯಾಗಿ ಸುತ್ತಿ, ಒಂದೊಂದರ ಮೇಲೂ ಪಡೆಯುವವರ ಹೆಸರಿನ ಚೀಟಿ ಕಟ್ಟಿ, ಹೊರಗಿನ ಘೋಷಣೆಯಲ್ಲಿ ‘ಇಂಥವರಿಗೆ ಇಂಥ ವಸ್ತು, ಇಷ್ಟು ಬೆಲೆ’ ಎಂದು ನಾಲ್ಕು ಸಾಲುಗಳಾಗಿ ಬರೆದರೆ, ನಾಲ್ವರಿಗೂ ಪ್ರತ್ಯೇಕ ಮಿತಿ ಅನ್ವಯವಾಗುತ್ತದೆ. ಇದನ್ನು ಇಲ್ಲಿ ಒಗ್ಗೂಡಿಸಿದ ಉಡುಗೊರೆ ಪಾರ್ಸೆಲ್ ಎಂದು ಪರಿಗಣಿಸುತ್ತಾರೆ. ಬ್ರಿಟನ್ನಿನಲ್ಲಿಯೂ 39 ಪೌಂಡ್ ಮಿತಿಗೆ ಇಂಥದೇ ವ್ಯವಸ್ಥೆ ಇದೆ. ಆದರೆ ಒಂದೇ ಸೀರೆಯನ್ನು ಇಬ್ಬರ ಹೆಸರಿನಲ್ಲಿ ಹಂಚಿ ಬರೆಯುವಂತಿಲ್ಲ. ಮದ್ಯ ಮತ್ತು ತಂಬಾಕಿಗೆ ಈ ವಿನಾಯಿತಿ ಇಲ್ಲ; ಆಲ್ಕೋಹಾಲ್ ಇರುವ ಸುಗಂಧ ದ್ರವ್ಯವನ್ನೂ ಪೆಟ್ಟಿಗೆಯಿಂದ ಹೊರಗಿಡುವುದೇ ಕ್ಷೇಮ.

ಜಯನಗರವಾಸಿ:

ಬಹಳ ಉಪಕಾರವಾಯಿತು. ಚಿಕ್ಕಪೇಟೆಯ ಅಂಗಡಿಯವರು ಸೀರೆಯನ್ನು ತಾವೇ ನೇರವಾಗಿ ಮಗಳ ವಿಳಾಸಕ್ಕೆ ಕಳುಹಿಸುತ್ತೇವೆ ಎನ್ನುತ್ತಿದ್ದಾರೆ. ಅದರಿಂದ ಏನಾದರೂ ತೊಂದರೆಯೇ? ಜರ್ಮನಿಯ ಪೇಡಾ, ಕಾಫಿಯ ಬಗ್ಗೆಯೂ ತಿಳಿದವರು ಹೇಳಬೇಕು.

ಸರಕು ವಿಭಾಗದಲ್ಲಿ ಕೆಲಸ, ದೇವನಹಳ್ಳಿ:

ಅಂಗಡಿಯ ಹೆಸರಿನಲ್ಲಿ ಹೋದರೆ ಅದು ವ್ಯಾಪಾರದ ಸರಕಿನಂತೆ ಕಾಣುತ್ತದೆ. ಐರೋಪ್ಯ ಒಕ್ಕೂಟದ ನಿಯಮವಂತೂ ಉಡುಗೊರೆ ಖಾಸಗಿ ವ್ಯಕ್ತಿಯಿಂದ ಖಾಸಗಿ ವ್ಯಕ್ತಿಗೆ, ಅಪರೂಪಕ್ಕೊಮ್ಮೆ, ಹಣದ ವ್ಯವಹಾರವಿಲ್ಲದೆ ಹೋಗಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಸೀರೆಯನ್ನು ಮನೆಗೆ ತಂದು, ತಮ್ಮ ಹೆಸರು ವಿಳಾಸದಿಂದಲೇ ಕಳುಹಿಸಿ. ಬಿಲ್ಲಿನ ಪ್ರತಿಯೊಂದನ್ನು ಮಗಳಿಗೆ ಮಿಂಚಂಚೆಯಲ್ಲಿ ಕಳುಹಿಸಿದ್ದರೆ ಅಧಿಕಾರಿಗಳು ಕೇಳಿದಾಗ ತೋರಿಸಬಹುದು.

ಮಲ್ಲತ್ತಹಳ್ಳಿ, ಮಗಳು ಮ್ಯೂನಿಕ್‌ನಲ್ಲಿ:

ಪೇಡಾ ಕಳುಹಿಸಬೇಡಿ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶಗಳಿಂದ ಖಾಸಗಿ ಪಾರ್ಸೆಲ್‌ನಲ್ಲಿ ತರಿಸಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ. ಇದು ಸುಂಕದ ಪ್ರಶ್ನೆಯಲ್ಲ, ಪ್ರಾಣಿರೋಗಗಳು ಹರಡದಂತೆ ಮಾಡಿರುವ ತಡೆ. ಆದ್ದರಿಂದ ಹಣ ಕಟ್ಟುತ್ತೇವೆಂದರೂ ಬಿಡುವುದಿಲ್ಲ, ನಾಶಪಡಿಸುತ್ತಾರೆ. ತುಪ್ಪವನ್ನಂತೂ ಕಳುಹಿಸಲೇಬೇಡಿ. ಎಳ್ಳು-ಬೆಲ್ಲದ ಚಿಕ್ಕಿ, ಎಣ್ಣೆಯಲ್ಲಿ ಕರಿದ ಚಕ್ಕುಲಿ, ಕೋಡುಬಳೆಗಳಲ್ಲಿ ಈ ಅಡ್ಡಿಯಿಲ್ಲ, ಬೆಣ್ಣೆ ಹಾಕಿರಬಾರದಷ್ಟೆ.

ಕಾಫಿಯ ವಿಚಾರದಲ್ಲಿ ಜರ್ಮನಿ ಬೇರೆಯೇ. ಅಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಕಾಫಿ ತೆರಿಗೆ ಎಂಬುದೊಂದಿದೆ. 45 ಯೂರೋ ಒಳಗಿನ ಉಡುಗೊರೆಯಲ್ಲಿ ಕಾಫಿ 500 ಗ್ರಾಂ ಮೀರದಿದ್ದರೆ ಮಾತ್ರ ಅದು ಮುಟ್ಟುವುದಿಲ್ಲ. ಚಿಕ್ಕಮಗಳೂರಿನ ಪುಡಿಯನ್ನು ಪ್ರೀತಿಯಿಂದ ಎರಡು ಕಿಲೋ ತುಂಬುವ ಬದಲು ಅರ್ಧ ಕಿಲೋದಲ್ಲಿ ನಿಲ್ಲಿಸಿ. 45 ಯೂರೋ ಮೀರಿ 700 ಯೂರೋವರೆಗೆ ಅಲ್ಲಿಯೂ ಶೇ. 2.5ರ ಏಕರೂಪದ ಸುಂಕವಿದೆ, ಜೊತೆಗೆ ಶೇ. 19ರ ವ್ಯಾಟ್. ಪುಸ್ತಕಗಳಿಗೆ ವ್ಯಾಟ್ ಶೇ. 7 ಮಾತ್ರ. ಆದ್ದರಿಂದ ಪುಸ್ತಕಗಳನ್ನು ಬೇರೆ ಪೊಟ್ಟಣವಾಗಿ ಕಳುಹಿಸಿದರೆ ಎರಡಕ್ಕೂ ಹಿತ.

ಐರೋಪ್ಯ ದೇಶಗಳಿಗೆ ಆರು ಅಂಕಿಯ ಎಚ್‌ಎಸ್ ಕೋಡ್, ಅಂದರೆ ಸಾಮಾನು ಯಾವ ಬಗೆಯದೆಂದು ಸೂಚಿಸುವ ಅಂತರರಾಷ್ಟ್ರೀಯ ಸಂಖ್ಯೆ, ಕೇಳುತ್ತಾರೆ. ಮುದ್ರಿತ ಪುಸ್ತಕಕ್ಕೆ 490199, ಹುರಿದ ಕಾಫಿಗೆ 090121, ಆಟಿಕೆಗೆ 950300, ರೇಷ್ಮೆ ಸೀರೆಗೆ 500720, ಅಗರಬತ್ತಿಗೆ 330741, ಮೈ ಸೋಪಿಗೆ 340111. ಮನೆಯಲ್ಲಿಯೇ ಬರೆದುಕೊಂಡು ಹೋದರೆ ಕೌಂಟರಿನಲ್ಲಿ ಕುಳಿತವರಿಗೂ ಹಿಂದೆ ಸಾಲಿನಲ್ಲಿ ನಿಂತವರಿಗೂ ಉಪಕಾರ.

ನ್ಯೂಜೆರ್ಸಿ ಕನ್ನಡಿಗ (ಮೂಲ ವಿಜಯನಗರ):

ತಿನಿಸಿನ ಬಗ್ಗೆ ಅಮೆರಿಕದ ಒಂದು ನಿಯಮ ನಮ್ಮ ಅಮ್ಮಂದಿರಿಗೆ ಸಂತೋಷ ಕೊಡುವಂಥದ್ದು. ಹೊರದೇಶದ ಆಹಾರ ಬರುವ ಮುನ್ನ ಇಲ್ಲಿಯ ಆಹಾರ ಮತ್ತು ಔಷಧ ಆಡಳಿತಕ್ಕೆ ಮುಂಚಿತವಾಗಿ ತಿಳಿಸಬೇಕೆಂಬ ಕಟ್ಟಳೆಯಿದೆ. ಒಬ್ಬ ವ್ಯಕ್ತಿ ತನ್ನ ಮನೆಯಲ್ಲಿಯೇ ಮಾಡಿ ಸ್ವಂತ ಉಡುಗೊರೆಯಾಗಿ ಕಳುಹಿಸಿದ ತಿಂಡಿಗೆ ಅದು ಬೇಕಿಲ್ಲ. ಘೋಷಣೆಯಲ್ಲಿ ‘ಮನೆಯಲ್ಲಿ ಮಾಡಿದ ಅಕ್ಕಿಹಿಟ್ಟಿನ ತಿಂಡಿ, ಸ್ವಂತ ಉಡುಗೊರೆ’ ಎಂದು ಬರೆಯಿರಿ.

ಯಶವಂತಪುರ:

ದುಬೈ ಕಡೆಗೆ ಕಳುಹಿಸುವವರು ಮಸಾಲೆ ಸಾಮಾನಿನಲ್ಲಿ ಗಸಗಸೆ ಇಲ್ಲದಂತೆ ನೋಡಿಕೊಳ್ಳಲೇಬೇಕು. ನಮಗೆ ಅದು ಪಾಯಸದ ಸಾಮಗ್ರಿ, ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷೇಧಿತ ವಸ್ತು. ಪಡೆಯುವವರು ಮೊಕದ್ದಮೆ ಎದುರಿಸಬೇಕಾಗಬಹುದು.

ಗಾಂಧಿಬಜಾರ್ ನಿವಾಸಿ:

ಕರಕುಶಲ ವಸ್ತುಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಚನ್ನಪಟ್ಟಣದ ಅರಗಿನ ಆಟಿಕೆಗಳು ಹಗುರ, ಬೆಲೆ ಮಿತಿಯೊಳಗೆ ಬರುತ್ತದೆ, ಒಡೆಯುವುದಿಲ್ಲ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ತೋಚುವುದಿಲ್ಲ. ಮೈಸೂರಿನ ಬೀಟೆ ಮರದ ಕೆತ್ತು ಕೂರಿಕೆಯ ಚಿತ್ರಫಲಕಗಳ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ಬೀಟೆಯ ಜಾತಿಯ ಮರಗಳೆಲ್ಲ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ 2017ರಲ್ಲಿ ಸೇರಿದವು. 2019ರ ತಿದ್ದುಪಡಿಯಲ್ಲಿ ಒಂದು ರವಾನೆಯಲ್ಲಿ ಆ ಮರದ ತೂಕ 10 ಕಿಲೋ ಮೀರದ ಸಿದ್ಧವಸ್ತುಗಳಿಗೆ ರಿಯಾಯಿತಿ ಕೊಟ್ಟರು. ಗೋಡೆಗೆ ತೂಗುಹಾಕುವ ಫಲಕ ಅಷ್ಟು ತೂಗುವುದಿಲ್ಲ, ಆದರೂ ಮರದ ಹೆಸರನ್ನು ಬಚ್ಚಿಡದೆ ಬರೆಯಿರಿ. ರಕ್ತಚಂದನ ಬೇಡವೇ ಬೇಡ. ಶ್ರೀಗಂಧದ ಕೊರಡು, ತುಂಡುಗಳನ್ನೂ ಕಳುಹಿಸುವಂತಿಲ್ಲ.

ಮನೆಯಲ್ಲಿರುವ ಹಳೆಯ ಹಿತ್ತಾಳೆ ವಿಗ್ರಹವನ್ನು ಮಗನ ಗೃಹಪ್ರವೇಶಕ್ಕೆ ಕಳುಹಿಸಬೇಕೆನ್ನುವವರೂ ಇದ್ದಾರೆ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕಿಂತ ಹಳೆಯ ವಿಗ್ರಹವನ್ನೂ, ಎಪ್ಪತ್ತೈದು ವರ್ಷಕ್ಕಿಂತ ಹಳೆಯ ಮೌಲಿಕ ಹಸ್ತಪ್ರತಿಯನ್ನೂ ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಹೊಸದೇ ಆದರೂ ನೋಡಲು ಹಳೆಯದರಂತಿರುವ ವಿಗ್ರಹಕ್ಕೆ ಅದು ಪುರಾತನವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಪಡೆದುಕೊಳ್ಳುವುದು ಕ್ಷೇಮ.

ಬಸವನಗುಡಿ ಓದುಗ:

ಕೊರಿಯರ್ ಸಂಸ್ಥೆಗಳ ಬಗ್ಗೆ ಒಂದು ಮಾತು. ನಮ್ಮ ಪಾರ್ಸೆಲ್ಲೊಂದಕ್ಕೆ ಸಂಸ್ಥೆಯೊಂದು ಸುಂಕವನ್ನು ತಾನೇ ಮುಂಗಡ ಕಟ್ಟಿ, ಆ ಸೇವೆಗೆಂದು ಮಗನಿಂದ ಪಡೆದ ಶುಲ್ಕ ಸುಂಕಕ್ಕಿಂತ ಹೆಚ್ಚಾಗಿತ್ತು. ಬುಕಿಂಗ್ ಮಾಡುವಾಗ ಇಲ್ಲಿ ಯಾರೂ ಅದನ್ನು ತಿಳಿಸಿರಲಿಲ್ಲ. ಇದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಹಣ ಕೊಡುವ ಮೊದಲು ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ: ಸುಂಕವನ್ನು ಕಳುಹಿಸುವವರೇ ಕಟ್ಟುವ ವ್ಯವಸ್ಥೆ ಈ ದೇಶಕ್ಕೆ ಇದೆಯೇ, ಇದ್ದರೆ ಅದಕ್ಕೆ ಪ್ರತ್ಯೇಕ ಶುಲ್ಕ ಎಷ್ಟು? ಆ ವ್ಯವಸ್ಥೆ ಇದ್ದರೆ ಜಯನಗರದವರ ಆಸೆ ಈಡೇರುತ್ತದೆ. ಇಲ್ಲದಿದ್ದರೆ ಅಂದಾಜು ಮೊತ್ತವನ್ನು ಮಗಳಿಗೆ ಮೊದಲೇ ತಿಳಿಸಿ, ಆ ಹಣವನ್ನೂ ಅವಳಿಗೆ ಕಳುಹಿಸುವುದು ಗೌರವದ ದಾರಿ.

ಆರ್.ಟಿ. ನಗರ:

ಸುಂಕ ಬಾಕಿಯಿದೆ, ಈ ಕೊಂಡಿಯನ್ನು ಒತ್ತಿ ಹಣ ಕಟ್ಟಿ ಎಂಬ ಸುಳ್ಳು ಸಂದೇಶಗಳು ಕಳುಹಿಸಿದವರಿಗೂ ಪಡೆಯುವವರಿಗೂ ಬರುತ್ತಿವೆ. ನಿಮ್ಮ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಕಸ್ಟಮ್ಸ್‌ನವರು ಹಿಡಿದಿದ್ದಾರೆ ಎಂದು ಹೆದರಿಸಿ ಹಣ ಕೀಳುವ ಕರೆಗಳಿಂದ ನಮ್ಮ ನಗರದಲ್ಲಿ ಎಷ್ಟೋ ಹಿರಿಯರು ಉಳಿತಾಯ ಕಳೆದುಕೊಂಡಿದ್ದಾರೆ. ಯಾವ ಕಸ್ಟಮ್ಸ್ ಅಧಿಕಾರಿಯೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ. ರಸೀದಿಯಲ್ಲಿರುವ ಸಂಖ್ಯೆಯನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ತಾವೇ ಹುಡುಕಿ ನೋಡಿ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಜಯನಗರವಾಸಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೀರೆಯನ್ನು ನನ್ನ ಹೆಸರಿನಲ್ಲಿಯೇ, ನಿಜವಾದ ಬೆಲೆ ಬರೆದು ಕಳುಹಿಸುತ್ತೇನೆ. ವ್ಯಾಟ್ ಹಣವನ್ನು ಮಗಳಿಗೆ ಈಗಲೇ ಕಳುಹಿಸುತ್ತೇನೆ. ತಮ್ಮನ ಮನೆಯವರಿಗೆ ಚನ್ನಪಟ್ಟಣದ ಆಟಿಕೆಗಳೂ ಚಕ್ಕುಲಿಯೂ ನಾಲ್ಕು ಕಟ್ಟುಗಳಾಗಿ ಹೋಗುತ್ತವೆ. ಸೋದರಳಿಯನಿಗೆ ಪೇಡಾ ಊರಿಗೆ ಬಂದಾಗಲೇ. ಒಂದೇ ಒಂದು ಪ್ರಶ್ನೆ ಉಳಿದಿದೆ: ಯಾವುದೋ ಕಾರಣದಿಂದ ಪಾರ್ಸೆಲ್ ಬಟವಾಡೆಯಾಗದಿದ್ದರೆ ಅದು ವಾಪಸ್ ಬರುತ್ತದೆಯೇ?

ನಿವೃತ್ತ ಅಂಚೆ ನೌಕರ, ಮಲ್ಲೇಶ್ವರ:

ಪಾರ್ಸೆಲ್‌ನ ನಮೂನೆಯಲ್ಲಿಯೇ ಅದಕ್ಕೊಂದು ಅಂಕಣವಿದೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಬಟವಾಡೆಯಾಗದಿದ್ದರೆ ಕಳುಹಿಸಿದವರಿಗೆ ಹಿಂದಿರುಗಿಸಬೇಕೋ ಅಥವಾ ಅಲ್ಲಿಯೇ ಬಿಟ್ಟುಬಿಡಬೇಕೋ ಎಂಬುದನ್ನು ಅಲ್ಲಿ ಗುರುತಿಸಬೇಕು. ಸೀರೆಗೆ ಹಿಂದಿರುಗಿಸಿ ಎಂದು ಗುರುತು ಹಾಕಿ. ವಾಪಸಾತಿಯ ವೆಚ್ಚ ತಮ್ಮ ಮೇಲೆ ಬೀಳಬಹುದು, ಆದರೂ ಸೀರೆ ಉಳಿಯುತ್ತದೆ. ಚಕ್ಕುಲಿಯ ಪೆಟ್ಟಿಗೆಗೆ ಅದು ಬೇಕಿಲ್ಲ. ಮಗಳ ದೂರವಾಣಿ ಸಂಖ್ಯೆ ಮತ್ತು ಮಿಂಚಂಚೆ ವಿಳಾಸವನ್ನು ಲೇಬಲ್ ಮೇಲೆ ಸ್ಪಷ್ಟವಾಗಿ ಬರೆಯಿರಿ, ಸುಂಕದ ಸೂಚನೆ ಅವಳಿಗೆ ಸಕಾಲದಲ್ಲಿ ತಲುಪದೆ ವಾಪಸಾಗುವ ಪಾರ್ಸೆಲ್‌ಗಳು ಬಹಳ. ವಿಧಾನಸೌಧದ ಬಳಿಯ ಪ್ರಧಾನ ಅಂಚೆ ಕಚೇರಿಗೆ ಬೆಳಗಿನ ಹೊತ್ತು ಹೋಗಿ, ಪೆಟ್ಟಿಗೆಯನ್ನು ಪೂರ್ತಿ ಅಂಟಿಸದೆ ತೆಗೆದುಕೊಂಡು ಹೋದರೆ, ಅವರು ಒಳಗಿನದನ್ನು ನೋಡಬೇಕೆಂದಾಗ ಮತ್ತೆ ಬಿಚ್ಚುವ ಕೆಲಸ ತಪ್ಪುತ್ತದೆ.